ಸಿಪ್ಪೆ, ಕಾಕಂಬಿ, ಮಡ್ಡಿ: ನಮ್ಮ ಸೀಮೆಯ ಸಕ್ಕರೆಯ ಮೂರು ಕಸಗಳ ಇತಿಹಾಸ



ದೀಪಾವಳಿ ಮುಗಿಯುತ್ತಿದ್ದಂತೆಯೇ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಸ್ವತ್ತಾಗಿಬಿಡುತ್ತವೆ. ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಸಾಗುವ ಅವುಗಳ ಹಿಂದೆ ಸಿಕ್ಕಿಕೊಂಡು ಬೈದುಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಹೊರೆಯನ್ನು ಕುರಿತ ಒಂದು ಸರಳ ಲೆಕ್ಕವನ್ನು ಮಾತ್ರ ನಾವು ಮಾಡುವುದೇ ಇಲ್ಲ. ಕಾರ್ಖಾನೆಯ ಒಳಗೆ ಹೋದ ಒಂದು ಟನ್ ಕಬ್ಬಿನಿಂದ ಹೊರಬರುವ ಸಕ್ಕರೆ ಹೆಚ್ಚುಕಡಿಮೆ 100ರಿಂದ 110 ಕಿಲೋ. ಹಾಗಾದರೆ ಉಳಿದ ಸುಮಾರು 900 ಕಿಲೋ ಎಲ್ಲಿಗೆ ಹೋಯಿತು?

ತರಗತಿಯಲ್ಲಿ ನಾನು ನಿಮಗೆ ಮುಧೋಳದ ಘೋರ್ಪಡೆಯವರ ಬಗ್ಗೆ, ಜಮಖಂಡಿಯ ಪಟವರ್ಧನರ ಬಗ್ಗೆ, ಸಂಸ್ಥಾನಗಳ ವಿಲೀನದ ಬಗ್ಗೆ ಪಾಠ ಹೇಳಿದ್ದೇನೆ. ಆ 900 ಕಿಲೋದ ಇತಿಹಾಸ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಇಂದು ನಿಮ್ಮಲ್ಲಿ ಕೆಲವರು ಇದೇ ಕಾರ್ಖಾನೆಗಳಲ್ಲಿ ಕೆಮಿಸ್ಟರಾಗಿ, ಬಾಯ್ಲರ್ ನಡೆಸುವವರಾಗಿ, ತೂಕದ ಕಾಟಾದ ಗುಮಾಸ್ತರಾಗಿ ಇದ್ದೀರಿ. ಹಲವರ ಮನೆತನಗಳು ಅವಕ್ಕೆ ಕಬ್ಬು ಕಳಿಸುತ್ತವೆ. ಆದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸಾವಿರ ಕಿಲೋ ಕಬ್ಬನ್ನು ನುರಿಸಿದರೆ ಹಸಿ ಸಿಪ್ಪೆ ಸುಮಾರು 280ರಿಂದ 300 ಕಿಲೋ ಬರುತ್ತದೆ. ಅದರಲ್ಲಿ ಅರ್ಧದಷ್ಟು ನೀರೇ. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಪಾಕ, ಅಂದರೆ ಕಾಕಂಬಿ, 40ರಿಂದ 45 ಕಿಲೋ. ರಸವನ್ನು ಸೋಸುವಾಗ ಉಳಿಯುವ ಮಡ್ಡಿ, ಈಗ ಎಲ್ಲರೂ ಪ್ರೆಸ್‌ಮಡ್ ಎನ್ನುವುದು, 30ರಿಂದ 40 ಕಿಲೋ. ಉಳಿದದ್ದೆಲ್ಲ ನೀರು. ಕಬ್ಬಿನ ತೂಕದಲ್ಲಿ ಸುಮಾರು ನೂರಕ್ಕೆ 70 ಭಾಗ ನೀರೇ ಇರುವುದರಿಂದ, ಆವಿಯನ್ನು ಹಿಡಿದು ತಂಪಾಗಿಸಿ ಮರಳಿ ಬಳಸಿದರೆ ಒಂದು ಸಕ್ಕರೆ ಕಾರ್ಖಾನೆ ನದಿಯ ನೀರನ್ನು ಬಹುಮಟ್ಟಿಗೆ ಮುಟ್ಟದೆಯೇ ನಡೆಯಬಲ್ಲುದು. ಈ ಮಾತು ಕೇಳಿದವರಿಗೆ ಮೊದಲು ನಂಬಿಕೆ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೈಸ್ಕೂಲಿನ ರಸಾಯನಶಾಸ್ತ್ರದಿಂದಲೇ ನೆನಪಿಸಿಕೊಳ್ಳಬೇಕು. ಸಕ್ಕರೆಯೆಂದರೆ ಇಂಗಾಲ, ಜಲಜನಕ, ಆಮ್ಲಜನಕ, ಮತ್ತೇನೂ ಇಲ್ಲ. ಇವು ಮೂರೂ ಗಾಳಿ ಮತ್ತು ನೀರಿನಿಂದ ಬಂದವು. ಕಬ್ಬು ನಮ್ಮ ಎರೆಭೂಮಿಯಿಂದ ಹೀರಿದ ಪೊಟ್ಯಾಷ್, ರಂಜಕ, ಸುಣ್ಣ ಮೊದಲಾದವುಗಳಲ್ಲಿ ಒಂದಂಶವೂ ಬಿಳಿ ಸಕ್ಕರೆಯ ಚೀಲದಲ್ಲಿ ಊರು ಬಿಟ್ಟು ಹೋಗುವುದಿಲ್ಲವೆಂದೇ ಹೇಳಬಹುದು. ಅವೆಲ್ಲವೂ ಸಿಪ್ಪೆಯ ಬೂದಿಯಲ್ಲಿ, ಕಾಕಂಬಿಯಲ್ಲಿ, ಮಡ್ಡಿಯಲ್ಲಿ ಉಳಿದುಕೊಳ್ಳುತ್ತವೆ. ಕಸವು ಹೊಲಕ್ಕೆ ಮರಳಿದರೆ ಭೂಮಿಗೆ ನಷ್ಟವಿಲ್ಲ. ಹಳ್ಳಕ್ಕೆ ಹರಿದರೆ ಭೂಮಿಗೂ ನಷ್ಟ, ಹಳ್ಳಕ್ಕೂ ಕೇಡು. ಇಡೀ ಪ್ರಶ್ನೆ ಇರುವುದು ಇಲ್ಲಿಯೇ.

ಹಿಂದಿನ ಗಾಣದ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಎತ್ತಿನ ಗಾಣದಲ್ಲಿ ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಣಗಿದ ಮೇಲೆ ಅದನ್ನೇ ಕೊಪ್ಪರಿಗೆಯ ಕೆಳಗಿನ ಒಲೆಗೆ ತುಂಬುತ್ತಿದ್ದರು. ಒಲೆಯ ಬೂದಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ರಸದ ಕೊಳೆಯನ್ನು ಮೇಲಕ್ಕೆ ಎತ್ತಲು ಬೆಂಡೆಯ ಗಿಡದ ಲೋಳೆಯನ್ನು ಬೆರೆಸುತ್ತಿದ್ದರು. ತೆಗೆದ ಕೊಳೆಯೂ ವ್ಯರ್ಥವಾಗುತ್ತಿರಲಿಲ್ಲ. ಕಡಿದ ಕಬ್ಬಿನ ಹಸಿ ಸೋಗೆ ದನಕ್ಕೆ. ಇದನ್ನು ಹೇಳುವಾಗ ನಮ್ಮ ಹಿರಿಯರೆಲ್ಲ ಪರಿಸರಪ್ರೇಮಿಗಳಾಗಿದ್ದರೆಂದು ಕೊಂಡಾಡುವುದು ರೂಢಿಯಾಗಿದೆ. ನನಗೆ ಹಾಗೆನಿಸುವುದಿಲ್ಲ. ಅವರಲ್ಲಿ ಎಸೆಯುವಷ್ಟು ಇರಲಿಲ್ಲ. ಹರಿದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದ ಕೌದಿಯನ್ನು ಇಂದು ನಗರಗಳಲ್ಲಿ ಕಲೆಯೆಂದು ಮಾರುತ್ತಾರೆ. ನಮ್ಮ ಅಜ್ಜಿಯರು ಅದನ್ನು ಹೊಲಿದದ್ದು ಚಳಿಗೆ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ತುಂಡು ನೂಲನ್ನೂ ಗಂಟು ಹಾಕಿ ಬಳಸುತ್ತಿದ್ದುದು ನೂಲಿನ ಬೆಲೆಯ ಕಾರಣಕ್ಕೆ. ಬಡತನ ಕಲಿಸಿದ ಮಿತವ್ಯಯ ಅದು. ಕಸ ಸಣ್ಣದಾಗಿತ್ತು, ಹೊಲ ಪಕ್ಕದಲ್ಲಿಯೇ ಇತ್ತು.

ದೊಡ್ಡ ಕಾರ್ಖಾನೆ ಬಂದಾಗ ಕಸವೂ ದೊಡ್ಡದಾಯಿತು. 1932ರಲ್ಲಿ ಬ್ರಿಟಿಷ್ ಸರಕಾರ ಸಕ್ಕರೆ ಉದ್ಯಮಕ್ಕೆ ಆಮದು ಸುಂಕದ ರಕ್ಷಣೆ ಕೊಟ್ಟ ಮೇಲೆ ದೇಶದಾದ್ಯಂತ ಕಾರ್ಖಾನೆಗಳು ಎದ್ದವು. ಮರುವರ್ಷ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಮ್ಮ ನೆರೆಯಲ್ಲಿ ಕೃಷ್ಣೆಯ ದಂಡೆಯ ಉಗಾರದ ಕಂಪನಿ 1939ರದು. ನಮ್ಮ ಸೀಮೆಗೆ ಸರದಿ ಬಂದದ್ದು ತಡವಾಗಿ. ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ ಕೆ. ಜೆ. ಸೋಮಯ್ಯ ಅವರ ಗೋದಾವರಿ ಶುಗರ್ ಮಿಲ್ಸ್ 1970ರ ದಶಕದ ಆರಂಭದಲ್ಲಿ ಕೆಲಸ ಪ್ರಾರಂಭಿಸಿತು. ಘಟಪ್ರಭೆಯ ಕಾಲುವೆಯ ನೀರು ಬಂದಲ್ಲಿ ಜೋಳದ ಹೊಲಗಳು ಕಬ್ಬಿಗೆ ತಿರುಗಿದವು. 1989ರಲ್ಲಿ ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಆ ಕೀರ್ತಿಯಿಂದಲೇ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿದರು ಎಂಬುದು ನಿಮಗೆಲ್ಲ ತಿಳಿದ ಕಥೆ. ಆಲಮಟ್ಟಿಯ ಹಿನ್ನೀರು ಬೀಳಗಿಯ ಊರುಗಳನ್ನು ನುಂಗಿತು. ಅದೇ ಹಿನ್ನೀರನ್ನು ಪಂಪಿನಿಂದ ಎತ್ತಿ ಉಳಿದ ಹೊಲಗಳಿಗೆ ಕಬ್ಬು ಹಾಕಿದರು. 1998ರಲ್ಲಿ ಕೇಂದ್ರ ಸರಕಾರ ಸಕ್ಕರೆ ಕಾರ್ಖಾನೆಗೆ ಲೈಸೆನ್ಸು ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಆಮೇಲೆ ಬಾಗಲಕೋಟೆ ಜಿಲ್ಲೆಯಲ್ಲಿ ಚಿಮಣಿಗಳು ಒಂದರ ಹಿಂದೊಂದು ಏಳತೊಡಗಿದವು.

ಈಗ ಸಿಪ್ಪೆಯ ಕಥೆಗೆ ಬರೋಣ. ಇದು ಮೂರರಲ್ಲಿ ಅತ್ಯಂತ ಸ್ವಾರಸ್ಯಕರ. ಹಳೆಯ ಕಾರ್ಖಾನೆಗಳಿಗೆ ಸಿಪ್ಪೆ ಒಂದು ತಲೆನೋವು. ಬಾಯ್ಲರಿಗೆ ಬೇಕಾದುದಕ್ಕಿಂತ ಹೆಚ್ಚು ಉಳಿದರೆ ಅಂಗಳದಲ್ಲಿ ಗುಡ್ಡ ಬೀಳುತ್ತಿತ್ತು, ಗಾಳಿಗೆ ಹಾರುತ್ತಿತ್ತು, ಬೇಸಿಗೆಯಲ್ಲಿ ಬೆಂಕಿ ಹತ್ತುತ್ತಿತ್ತು. ಹೊರಗೆ ಕೊಳ್ಳುವವರಿಲ್ಲ. ಹೀಗಾಗಿ ಬಾಯ್ಲರುಗಳನ್ನು ಬೇಕೆಂದೇ ಕಡಿಮೆ ಒತ್ತಡದವನ್ನಾಗಿ, ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋದಷ್ಟರವನ್ನಾಗಿ ಇಡುತ್ತಿದ್ದರು. ಸಿಪ್ಪೆಯೆಲ್ಲ ಸುಟ್ಟುಹೋಗಲಿ ಎಂಬುದೇ ಉದ್ದೇಶ! ಇಂಧನವನ್ನು ಹಾಳು ಮಾಡುವುದೇ ಯಂತ್ರದ ಗುಣವೆನಿಸಿದ್ದ ಕಾಲ ಅದು.

ಇದನ್ನು ಬದಲಿಸಿದ್ದು ವಿದ್ಯುತ್ತಿಗೆ ಹುಟ್ಟಿದ ಗಿರಾಕಿ. 1990ರ ದಶಕದಲ್ಲಿ ಕೇಂದ್ರ ಸರಕಾರ ಸಿಪ್ಪೆಯಿಂದ ವಿದ್ಯುತ್ ಉತ್ಪಾದಿಸುವ ಕಾರ್ಖಾನೆಗಳಿಗೆ ಪ್ರೋತ್ಸಾಹ ಕೊಡತೊಡಗಿತು. 2003ರ ವಿದ್ಯುತ್ ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ರಾಜ್ಯದ ವಿದ್ಯುತ್ ಜಾಲವು ಕೊಳ್ಳುತ್ತದೆ ಎಂದಾದೊಡನೆ ಅದೇ ಕಾರ್ಖಾನೆಗಳು 67, 87, ಕೊನೆಗೆ 110 ಕಿಲೋ ಒತ್ತಡದ ಬಾಯ್ಲರುಗಳನ್ನು ತಂದು ಕೂಡಿಸಿದವು. ಹೆಚ್ಚಿನ ಒತ್ತಡದ ಹಬೆ ಮೊದಲು ಟರ್ಬೈನನ್ನು ತಿರುಗಿಸಿ ವಿದ್ಯುತ್ ಕೊಡುತ್ತದೆ. ಒತ್ತಡ ಇಳಿದ ಮೇಲೆ ಅದೇ ಹಬೆ ರಸವನ್ನು ಕುದಿಸುತ್ತದೆ. ಒಂದೇ ಸಿಪ್ಪೆ, ಎರಡು ಕೆಲಸ. ಕಬ್ಬಿನ ಕೆಲಸ ನಡೆಯುವುದು ನಮ್ಮ ಜಲಾಶಯಗಳು ಇಳಿಮುಖವಾಗುವ ಚಳಿಗಾಲ ಮತ್ತು ಬೇಸಿಗೆಯ ಮೊದಲಲ್ಲಿ. ಜಲವಿದ್ಯುತ್ತಿಗೆ ಇದು ತಕ್ಕ ಜೊತೆ. ತಮಿಳುನಾಡು ಸರಕಾರವಂತೂ ಬೇರೊಂದು ದಾರಿ ಹಿಡಿದು, ಸಿಪ್ಪೆಯಿಂದ ಕಾಗದ ಮಾಡುವ ದೊಡ್ಡ ಗಿರಣಿಯನ್ನೇ 1979ರಲ್ಲಿ ಸ್ಥಾಪಿಸಿತು. ಮರ ಕಡಿಯದೆ ಪಠ್ಯಪುಸ್ತಕಕ್ಕೆ ಕಾಗದ ಸಿಗುವುದೆಂದರೆ ಮಾಸ್ತರನಾದ ನನಗೆ ಅದರ ಮೇಲೆ ಒಂದು ಕೈ ಹೆಚ್ಚು ಪ್ರೀತಿ.

ಕಾಕಂಬಿಯದು ಬೇರೆ ಬಗೆಯ ಚರಿತ್ರೆ. ಇದಕ್ಕೆ ಗಿರಾಕಿ ಇದ್ದ, ಆದರೆ ಬೆಲೆ ಇರಲಿಲ್ಲ. 1961ರ ಕಾಕಂಬಿ ನಿಯಂತ್ರಣ ಆದೇಶದಂತೆ ಸರಕಾರವೇ ಅದರ ದರವನ್ನು ನಿಗದಿ ಮಾಡುತ್ತಿತ್ತು. ಆ ದರ ಎಷ್ಟು ಕಡಿಮೆಯಾಗಿತ್ತೆಂದರೆ ಒಳ್ಳೆಯ ತೊಟ್ಟಿ ಕಟ್ಟಿಸುವುದೇ ನಷ್ಟವೆಂದು ಅನೇಕ ಕಡೆ ಕಾಕಂಬಿಯನ್ನು ಬಯಲ ಗುಂಡಿಗಳಲ್ಲಿ ತುಂಬಿಡುತ್ತಿದ್ದರು. ಮಳೆ ಬಂದರೆ ಅದು ತುಂಬಿ ಹರಿದು ಹಳ್ಳ ಸೇರಬೇಕಾದುದೇ. 1993ರಲ್ಲಿ ನಿಯಂತ್ರಣ ಹೋಯಿತು. ಗುಂಡಿಗಳ ಜಾಗಕ್ಕೆ ಉಕ್ಕಿನ ಟ್ಯಾಂಕುಗಳು ಬಂದವು. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ನೂರಕ್ಕೆ 5 ಭಾಗ ಇಥೆನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಗಿ ಬಹುಕಾಲ ಕುಂಟುತ್ತ ನಡೆಯಿತು. 2018ರ ಜೈವಿಕ ಇಂಧನ ನೀತಿಯು ಸಕ್ಕರೆಯಂಶ ಹೆಚ್ಚಿರುವ ಕಾಕಂಬಿ ಹಾಗೂ ನೇರ ಕಬ್ಬಿನ ರಸಕ್ಕೂ ಬಾಗಿಲು ತೆರೆದ ಮೇಲೆ ಅದು ಓಡತೊಡಗಿತು. 2025ರಲ್ಲಿ ಬೆರಕೆಯ ಪ್ರಮಾಣ ನೂರಕ್ಕೆ 20 ಮುಟ್ಟಿತು. ಸಮೀರವಾಡಿಯ ಕಂಪನಿ ಇಂದು ಗೋದಾವರಿ ಬಯೋರಿಫೈನರೀಸ್ ಎಂದು ಹೆಸರು ಬದಲಿಸಿಕೊಂಡು, ಕಬ್ಬಿನಿಂದ ಸಕ್ಕರೆ, ವಿದ್ಯುತ್, ಇಥೆನಾಲ್ ಅಷ್ಟೇ ಅಲ್ಲದೆ ಇಥೆನಾಲಿನಿಂದ ರಾಸಾಯನಿಕಗಳನ್ನೂ ತಯಾರಿಸುತ್ತದೆ. 2024ರ ಅಕ್ಟೋಬರಿನಲ್ಲಿ ಅದರ ಷೇರುಗಳು ಮಾರುಕಟ್ಟೆಗೂ ಬಂದವು. ಹೆಸರಿನಿಂದ ‘ಶುಗರ್’ ಬಿಟ್ಟುಹೋದದ್ದನ್ನು ಗಮನಿಸಿರಿ. ಕಸವೇ ಮುಖ್ಯ ಸರಕಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿಗೆ ನಿಲ್ಲಿಸಿದರೆ ಇದು ಕಂಪನಿಗಳ ವಾರ್ಷಿಕ ವರದಿಯಂತೆ ಸುಖಾಂತವಾಗುತ್ತದೆ. ಆದರೆ ಕಸದಿಂದ ರಸ ತೆಗೆದಾಗ ಮತ್ತೊಂದು ಕಸ ಹುಟ್ಟುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ಘೋರ. ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು, ಬಿಸಿ, ಆಮ್ಲೀಯ, ದುರ್ನಾತದ ನೀರಿಗೆ ಸ್ಪೆಂಟ್‌ವಾಶ್ ಎನ್ನುತ್ತಾರೆ. ಒಂದು ಕೊಡ ಮದ್ಯಸಾರಕ್ಕೆ ಇಂಥ ನೀರು ಸುಮಾರು ಹತ್ತು ಕೊಡ. ನೀರಿನ ಕೊಳೆಯನ್ನು ಅಳೆಯಲು ಬಿ.ಓ.ಡಿ. ಎಂಬ ಮಾನವಿದೆ; ಕೊಳೆಯನ್ನು ಜೀರ್ಣಿಸಿಕೊಳ್ಳಲು ಸೂಕ್ಷ್ಮಜೀವಿಗಳು ನೀರಿನಿಂದ ಎಷ್ಟು ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ ಎಂಬುದರ ಲೆಕ್ಕ ಅದು. ನದಿಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಕಾಕಂಬಿಯ ಸ್ಪೆಂಟ್‌ವಾಶಿನಲ್ಲಿ ಅದು 40,000ಕ್ಕೂ ಹೆಚ್ಚು. ಹಳ್ಳಕ್ಕೆ ಅದು ಬಿದ್ದರೆ ಮೀನುಗಳು ವಿಷದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಉಸಿರುಗಟ್ಟಿ ಸಾಯುತ್ತವೆ. ನದಿ ದಂಡೆಯ ಊರುಗಳಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ಹಳ್ಳದ ನೀರು ಚಹಾದ ಬಣ್ಣಕ್ಕೆ ತಿರುಗಿದ್ದನ್ನೂ, ದನಗಳು ಮೂತಿ ಹಚ್ಚಿ ಕುಡಿಯದೆ ಹಿಂದಿರುಗಿದ್ದನ್ನೂ ಕಂಡಿದ್ದೇನೆ. ಬಾವಿಯ ನೀರು ಕೆಂಪಾಯಿತೆಂದು ದೂರು ಕೊಡಲು ಹೋದ ರೈತರು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನೂ ಬಲ್ಲೆ.

ಇದಕ್ಕೆ ಕೊಳ್ಳುವವನಿರಲಿಲ್ಲ. ಸಿಪ್ಪೆಯನ್ನೂ ಕಾಕಂಬಿಯನ್ನೂ ಉದ್ಧರಿಸಿದ ಮಾರುಕಟ್ಟೆ ಸ್ಪೆಂಟ್‌ವಾಶಿನ ಎದುರು ಕೈಕಟ್ಟಿ ನಿಂತಿತು. ಇಲ್ಲಿ ಕೆಲಸ ಮಾಡಿದ್ದು ಕಾನೂನು. 1974ರಲ್ಲಿ ಸಂಸತ್ತು ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯನ್ನು ಮಾಡಿತು, ಅದೇ ವರ್ಷ ನಮ್ಮ ರಾಜ್ಯದ ಮಂಡಳಿಯೂ ಹುಟ್ಟಿತು. ಆದರೂ ನಿಜವಾದ ಬಿಗಿ ಬಂದದ್ದು 2003ರಲ್ಲಿ, ಅತಿಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳಿಗೆ ಕೇಂದ್ರವು ಹೊಣೆಗಾರಿಕೆಯ ಸನ್ನದನ್ನು ರೂಪಿಸಿ, ಡಿಸ್ಟಿಲರಿಗಳು ಸ್ಪೆಂಟ್‌ವಾಶಿನ ಒಂದು ಹನಿಯನ್ನೂ ನದಿಗೆ ಬಿಡಕೂಡದೆಂದು ಗಡುವು ಹಾಕಿದಾಗ. 29 ವರ್ಷಗಳ ಅಂತರ! ಅಷ್ಟು ಕಾಲ ಅದರ ವೆಚ್ಚವನ್ನು ಕೊಟ್ಟದ್ದು ನದಿ ಮತ್ತು ನದಿಯ ಕೆಳಗಿನ ಊರುಗಳು.

ಗಡುವು ಬಿದ್ದ ಮೇಲೆ ಬುದ್ಧಿ ಓಡಿತು. ಮೊದಲ ಉಪಾಯ, ಸ್ಪೆಂಟ್‌ವಾಶನ್ನು ಗಾಳಿಯಾಡದ ದೊಡ್ಡ ಟ್ಯಾಂಕುಗಳಲ್ಲಿ ಕೊಳೆಯಿಸಿ ಮೀಥೇನ್ ಅನಿಲ ಪಡೆಯುವುದು; ನಿಮ್ಮ ಹಿತ್ತಲ ಗೋಬರ್ ಗ್ಯಾಸಿನದೇ ತತ್ವ. ಎರಡನೆಯದು, ಉಳಿದ ದ್ರವವನ್ನು ಮಡ್ಡಿಯ ಉದ್ದನೆಯ ರಾಶಿಗಳ ಮೇಲೆ ಸಿಂಪಡಿಸಿ, ಯಂತ್ರದಿಂದ ಮಗುಚಿ ಗೊಬ್ಬರ ಮಾಡುವುದು. ಎರಡು ಕಸಗಳು ಕೂಡಿ ಒಂದು ಸರಕು. ಹಸಿ ಮಡ್ಡಿಯನ್ನು ನೇರವಾಗಿ ಹೊಲಕ್ಕೆ ಸುರಿದವರಿಗೆ ಗೊತ್ತು, ಅದರ ಕಾವಿಗೆ ಬೆಳೆಯ ಬೇರು ಬೇಯುತ್ತದೆ. ಗೊಬ್ಬರವಾಗಿ ಮಾಗಿದ ಮೇಲೆ ಅದೇ ಅಮೃತ. ಆದರೆ ಮಳೆಗಾಲದಲ್ಲಿ ರಾಶಿಗಳಿಂದ ಬಸಿದ ನೀರು ಮತ್ತೆ ಹಳ್ಳದ ದಾರಿ ಹಿಡಿಯುತ್ತಿತ್ತು. ಹಾಗಾಗಿ ಮೂರನೆಯ ಉಪಾಯ ಬಂದಿತು: ಸ್ಪೆಂಟ್‌ವಾಶಿನ ನೀರನ್ನು ಆವಿಯಾಗಿಸಿ ಗಟ್ಟಿ ಮಾಡಿ, ವಿಶೇಷ ಬಾಯ್ಲರಿನಲ್ಲಿ ಸಿಪ್ಪೆ ಅಥವಾ ಕಲ್ಲಿದ್ದಲಿನೊಂದಿಗೆ ಸುಟ್ಟುಬಿಡುವುದು.

ಆ ಬಾಯ್ಲರಿನ ಬೂದಿಯಲ್ಲಿ ದೊರೆತದ್ದು ಪೊಟ್ಯಾಷ್. ನಾನು ಮೊದಲು ಹೇಳಿದ, ನಮ್ಮ ಹೊಲದಿಂದ ಕಬ್ಬಿನ ಹಾದಿಯಲ್ಲಿ ಹೊರಟುಹೋದ ಅದೇ ಪೊಟ್ಯಾಷ್! ರಸಗೊಬ್ಬರಕ್ಕೆ ಬೇಕಾದ ಪೊಟ್ಯಾಷನ್ನು ನಮ್ಮ ದೇಶ ಕೆನಡಾ, ರಶಿಯಾಗಳಂಥ ದೂರದ ನಾಡುಗಳಿಂದ ಹಡಗಿನಲ್ಲಿ ತರಿಸುತ್ತದೆ. ಇತ್ತ ನೂರು ವರ್ಷಗಳಿಂದ ಅದನ್ನೇ ಕಪ್ಪು ನೀರಾಗಿ ಹಳ್ಳಗಳಿಗೆ ಬಿಟ್ಟಿದ್ದೇವೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಕಾಕಂಬಿಯಿಂದ ಪಡೆದ ಈ ಪೊಟ್ಯಾಷನ್ನು ರಸಗೊಬ್ಬರ ಸಹಾಯಧನದ ಯೋಜನೆಗೆ ಸೇರಿಸಿತು. ಅದರಲ್ಲಿ ಕನಿಷ್ಠ ನೂರಕ್ಕೆ 14.5 ಭಾಗ ಪೊಟ್ಯಾಷ್ ಇರಬೇಕು. ಕಾನೂನು ಒತ್ತಾಯದಿಂದ ಮಾಡಿಸಿದ ಕೆಲಸಕ್ಕೆ ಕೊನೆಗೂ ಒಂದು ಬೆಲೆ ಹುಟ್ಟಿತು. ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ತಿರುವು ಇದೇ, ಮತ್ತು ಅದರ ಕ್ರಮವನ್ನು ಗಮನಿಸಬೇಕು: ಮೊದಲು ನಿಷೇಧ, ಅನಂತರ ಉಪಾಯ, ಆಮೇಲೆ ಲಾಭ. ಲಾಭ ಬಂದ ಮೇಲೆ ನೋಡೋಣವೆಂದು ಕಾಯ್ದಿದ್ದರೆ ಇಂದಿಗೂ ಕಾಯುತ್ತಿರಬೇಕಾಗಿತ್ತು.

ಈ ಉಪಾಯಗಳೂ ಸುಲಭದವಲ್ಲ, ಅಪಾಯವಿಲ್ಲದವೂ ಅಲ್ಲ. 2018ರ ಡಿಸೆಂಬರಿನಲ್ಲಿ ಮುಧೋಳ ತಾಲೂಕಿನ ಡಿಸ್ಟಿಲರಿಯೊಂದರ ತ್ಯಾಜ್ಯನೀರು ಸಂಸ್ಕರಣೆಯ ಘಟಕದಲ್ಲಿ ಸ್ಫೋಟ ಸಂಭವಿಸಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪರಿಸರ ರಕ್ಷಣೆಯ ಯಂತ್ರಗಳನ್ನು ನಡೆಸುವವರೂ ನಮ್ಮೂರ ಮಕ್ಕಳೇ. ಅನಿಲ ತುಂಬಿದ ಟ್ಯಾಂಕಿನ ಬಳಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಒಂದು ಮಾತು: ಸುರಕ್ಷತೆಯ ಸಲಕರಣೆ ಕೊಡದಿದ್ದರೆ ಕೇಳಿ ಪಡೆಯಿರಿ, ನಾಚಬೇಡಿರಿ.

ಇನ್ನು ರೈತನ ಪಾಲಿನ ಪ್ರಶ್ನೆ. ಕಸಕ್ಕೆ ಬೆಲೆ ಬಂದೊಡನೆ ಅದು ಯಾರದೆಂಬ ಜಗಳವೂ ಬರುತ್ತದೆ, ಬರುವುದು ನ್ಯಾಯವೇ. ಸಿಪ್ಪೆ, ಕಾಕಂಬಿ, ಮಡ್ಡಿಗಳಿಗೆ ಕಿಮ್ಮತ್ತಿಲ್ಲದ ದಿನಗಳಲ್ಲಿ ಸಕ್ಕರೆಯ ಮೇಲೆ ಮಾತ್ರ ಲೆಕ್ಕ ಹಾಕಿ ಕಬ್ಬಿನ ದರ ಕೊಟ್ಟರೆ ಯಾರೂ ಕೇಳುತ್ತಿರಲಿಲ್ಲ. 2012ರಲ್ಲಿ ರಂಗರಾಜನ್ ಸಮಿತಿಯು ಸಕ್ಕರೆ ಹಾಗೂ ಈ ಮೂರೂ ಉಪ ಉತ್ಪನ್ನಗಳ ಮೊದಲ ಹಂತದ ಬೆಲೆಯಲ್ಲಿ ನೂರಕ್ಕೆ 70 ಭಾಗ ರೈತನಿಗೆ, 30 ಭಾಗ ಕಾರ್ಖಾನೆಗೆ ಎಂದು ಶಿಫಾರಸು ಮಾಡಿತು. ನಮ್ಮ ರಾಜ್ಯ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆಯನ್ನು ತಂದು ಆದಾಯ ಹಂಚಿಕೆಯ ತತ್ವವನ್ನು ಒಪ್ಪಿಕೊಂಡಿತು. ಆದರೆ ‘ಮೊದಲ ಹಂತದ ಬೆಲೆ’ ಎಂಬ ಮೂರು ಪದಗಳಲ್ಲಿ ತಕರಾರೆಲ್ಲ ಅಡಗಿದೆ. ಸಿಪ್ಪೆಯನ್ನು ಕಾರ್ಖಾನೆ ತನ್ನದೇ ವಿದ್ಯುತ್ ಘಟಕಕ್ಕೆ, ಕಾಕಂಬಿಯನ್ನು ತನ್ನದೇ ಡಿಸ್ಟಿಲರಿಗೆ ಕೊಟ್ಟುಕೊಂಡರೆ ಅದರ ದರವನ್ನು ಹೇಳುವವರು ಯಾರು? ಪರೀಕ್ಷಿಸುವವರು ಯಾರು?

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಹೆದ್ದಾರಿಯಲ್ಲಿ ಕುಳಿತದ್ದನ್ನು, ಸರಕಾರ 3,300 ರೂಪಾಯಿಗೆ ಮಾತು ಮುಗಿಸಿದ್ದನ್ನು, ಅನಂತರ ಅದೇ ಕಿಚ್ಚು ನಮ್ಮ ಮುಧೋಳ ಭಾಗಕ್ಕೆ ಬಂದು ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹೊತ್ತಿ ಉರಿದದ್ದನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಸುಟ್ಟದ್ದು ಯಾರೋ ರೈತನ ವರ್ಷದ ದುಡಿಮೆ. ಆದರೆ ಆ ಸಿಟ್ಟಿನ ಬುಡದಲ್ಲಿ ಉಪ ಉತ್ಪನ್ನಗಳ ಲೆಕ್ಕದ ಪ್ರಶ್ನೆಯೂ ಇತ್ತೆಂಬುದನ್ನು ಮರೆಯಬಾರದು. ಕಂಪನಿಗಳು ತಾವು ಹಸಿರು ಇಂಧನದವರೆಂದು ಹೇಳಿಕೊಳ್ಳುವುದಾದರೆ, ಆ ಹಸಿರಿನ ಲೆಕ್ಕದ ಪುಸ್ತಕವನ್ನು ಕಬ್ಬು ಕೊಟ್ಟವನ ಮುಂದೆಯೂ ತೆರೆಯಬೇಕು.

ಕೊನೆಯದಾಗಿ, ಕಾರ್ಖಾನೆಯ ಗೇಟಿನ ಈಚೆಗೆ ಉಳಿಯುವ ಕಸ: ಕಬ್ಬಿನ ರವದಿ. ಕಟಾವು ಮುಗಿದ ಹೊಲದಲ್ಲಿ ಒಣ ರವದಿಗೆ ಕಡ್ಡಿ ಗೀರುವುದು ನಮ್ಮಲ್ಲಿ ಇಂದಿಗೂ ನಿಂತಿಲ್ಲ. ಜನವರಿಯ ಸಂಜೆಗಳಲ್ಲಿ ಮುಧೋಳದಿಂದ ಜಮಖಂಡಿಗೆ ಬರುವಾಗ ಎರಡೂ ಕಡೆ ಹೊಗೆ ಕಾಣುತ್ತದೆ. ಕಾರ್ಖಾನೆಯ ಚಿಮಣಿಯ ಬೂದಿ ಒಗೆದ ಬಟ್ಟೆಯ ಮೇಲೆ ಬಿತ್ತೆಂದು ಬೈಯುವ ನಾವೇ ಇದಕ್ಕೆ ಕಣ್ಣು ಮುಚ್ಚುತ್ತೇವೆ. ಸುಟ್ಟರೆ ಸಾರಜನಕ ಮತ್ತು ಸಾವಯವ ಅಂಶ ಹೊಗೆಯಾಗಿ ಹೋಗುತ್ತದೆ. ನೀರು ಹೆಚ್ಚಾಗಿ ಸವಳಾಗುತ್ತಿರುವ ನಮ್ಮ ಹೊಲಗಳಿಗೆ ಬೇಕಾದದ್ದೇ ಆ ಸಾವಯವ ಅಂಶ. ಕುಳೆ ಕಬ್ಬಿನ ಸಾಲು ಬಿಟ್ಟು ಸಾಲಿಗೆ ರವದಿಯನ್ನು ಹರವಿ, ಮೇಲೆ ಸ್ವಲ್ಪ ಯೂರಿಯಾ ಮತ್ತು ಸಗಣಿ ನೀರು ಹಾಕಿ ಬಿಟ್ಟವರ ಹೊಲಗಳನ್ನು ನಾನು ನೋಡಿದ್ದೇನೆ. ಕಳೆ ಕಡಿಮೆ, ನೀರು ಹಾಯಿಸುವ ಸರದಿಗಳೂ ಕಡಿಮೆ, ಮಳೆಗಾಲದ ಹೊತ್ತಿಗೆ ರವದಿ ಮಣ್ಣಾಗಿರುತ್ತದೆ. ಆದರೂ ಬಹಳ ಜನ ಸುಡುತ್ತಾರೆ. ಕೆಲವೊಮ್ಮೆ ಕಟಾವಿಗೆ ಮೊದಲೇ, ನಿಂತ ಕಬ್ಬಿಗೇ ಬೆಂಕಿ ಇಡುವುದೂ ಉಂಟು. ರವದಿ ಸುಲಿಯುವ ಕೆಲಸ ಉಳಿಯುವುದರಿಂದ ಕಡಿಯುವ ಗ್ಯಾಂಗಿನವರಿಗೆ ಅದು ಅನುಕೂಲ. ಗ್ಯಾಂಗಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ ಸಿಗುತ್ತದೆ. ಉಳಿಸಿದ ರವದಿಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ.